ಎನ್-400ರಲ್ಲಿ ‘ಹೌದು’ ಅನ್ನೋಕೆ ಹೆದರಬೇಡಿ

ಅಮೆರಿಕದ ಪೌರತ್ವ ಕೊಟ್ಟ ಮೇಲೆ ಸರ್ಕಾರ ಅದನ್ನು ವಾಪಸ್ ಕಿತ್ತುಕೊಳ್ಳಬಹುದಾ? ಮುಖ್ಯ ಸಂಗತಿ ಮುಚ್ಚಿಟ್ಟು ಅಥವಾ ಅರ್ಹತೆ ಇಲ್ಲದೆ ಪಡೆದಿದ್ದರೆ ಕಿತ್ತುಕೊಳ್ಳಬಹುದು. 2025ರ ಜೂನ್‌ನಲ್ಲಿ ಇಲ್ಲಿನ ನ್ಯಾಯ ಇಲಾಖೆ ಇಂಥ ಕೇಸುಗಳಿಗೆ ಆದ್ಯತೆ ಕೊಡಿ ಎಂದು ತನ್ನ ಸಿವಿಲ್ ವಕೀಲರಿಗೆ ಸೂಚಿಸಿತು. ಆಮೇಲಿಂದ ನಮ್ಮ ಆಫೀಸಿಗೆ ಇದೇ ವಿಷಯದ ಫೋನು ಜಾಸ್ತಿ. ನಾನು ನ್ಯೂಜೆರ್ಸಿಯಲ್ಲಿ ಒಬ್ಬ ಇಮಿಗ್ರೇಶನ್ ವಕೀಲರ ಹತ್ತಿರ ಪ್ಯಾರಾಲೀಗಲ್. ಫಾರ್ಮ್ ತುಂಬಿಸುವುದು, ಕಾಗದ ಜೋಡಿಸುವುದು ನನ್ನ ಕೆಲಸ. ಸಲಹೆ ಕೊಡುವುದು ವಕೀಲರ ಕೆಲಸ. ಇಲ್ಲಿ ಹೇಳುವುದು ಎನ್-400, ಅಂದರೆ ಪೌರತ್ವಕ್ಕೆ ಹಾಕುವ ಅರ್ಜಿ ಫಾರ್ಮಿನ ಮಾತು.

ಪೆನ್ನು ಹಿಡಿಯುವ ಮೊದಲು ನಿಮ್ಮ ಹಳೇ ಕಾಗದ ತರಿಸಿಕೊಳ್ಳಿ. ಇಮಿಗ್ರೇಶನ್ ಇಲಾಖೆ ನಿಮ್ಮ ಹೆಸರಲ್ಲಿ ಇಟ್ಟಿರುವ ಫೈಲಿಗೆ ಎ-ಫೈಲ್ ಅನ್ನುತ್ತಾರೆ. ಫೋಯಾ (ಇಲ್ಲಿನ ಮಾಹಿತಿ ಹಕ್ಕು ಕಾಯ್ದೆ) ಅರ್ಜಿ ಹಾಕಿದರೆ ಅದರ ನಕಲು ಕಳಿಸುತ್ತಾರೆ, ಆನ್‌ಲೈನಿನಲ್ಲೇ ಹಾಕಬಹುದು. ಎಫ್‌ಬಿಐ ಹತ್ತಿರ ಬೆರಳಚ್ಚು ದಾಖಲೆ ಕೇಳಲು 18 ಡಾಲರ್. ದೇಶ ಬಿಟ್ಟು ಹೋಗಿ ಬಂದ ತಾರೀಕುಗಳು ಸರ್ಕಾರದ ಐ-94 ಸೈಟಿನಲ್ಲಿ ಸಿಗುತ್ತವೆ. ನಿಮ್ಮ ನೆನಪು ಒಂದು ಹೇಳಿ ಅವರ ಫೈಲು ಇನ್ನೊಂದು ಹೇಳಬಾರದು, ಅಷ್ಟೇ.

ಈಗ ಅಸಲು ಪ್ರಶ್ನೆ. ವಿಳಾಸ, ಕೆಲಸ, ಪ್ರಯಾಣಕ್ಕೆ ಸಾಮಾನ್ಯವಾಗಿ ಹಿಂದಿನ ಐದು ವರ್ಷದ ಲೆಕ್ಕ ಸಾಕು. ಅರೆಸ್ಟ್, ಸೈಟೇಶನ್ (ಪೊಲೀಸರು ಕೊಡುವ ನೋಟಿಸ್), ಕೇಸು ಎಂಬ ಪ್ರಶ್ನೆ ಹಾಗಲ್ಲ. ಅದು ಹುಟ್ಟಿದಾಗಿನಿಂದ ಇವತ್ತಿನವರೆಗೆ, ಯಾವ ದೇಶದಲ್ಲೇ ಆಗಿರಲಿ. ಇಲ್ಲೇ ನಮ್ಮವರು ಜಾರುವುದು. ಗಂಡ ಹೆಂಡತಿ ಜಗಳಕ್ಕೆ ಪಕ್ಕದ ಮನೆಯವರು 911ಗೆ ಫೋನ್ ಮಾಡಿದ್ದು, ಪೊಲೀಸರು ಕರೆದುಕೊಂಡು ಹೋಗಿದ್ದು, ಆಮೇಲೆ ಕೇಸು ವಜಾ ಆಗಿದ್ದು. ಅಂಗಡಿಯಲ್ಲಿ ಬಿಲ್ ಆಗದ ಸಾಮಾನು ಬ್ಯಾಗಿನಲ್ಲಿ ಸಿಕ್ಕಿದ್ದು. ಊರಲ್ಲಿ ಜಮೀನಿನ ತಕರಾರಿಗೆ ದಾಯಾದಿಗಳು ಎಫ್‌ಐಆರ್ ಹಾಕಿಸಿದ್ದು. ‘ಅದೆಲ್ಲ ಮುಗಿದ ಕಥೆ ಬಿಡಮ್ಮ, ರೆಕಾರ್ಡೇ ಅಳಿಸಿದ್ದಾರೆ’ ಎಂದು ಹಿರಿಯರು ನನಗೆ ಸಮಾಧಾನ ಹೇಳುತ್ತಾರೆ. ಕೋರ್ಟ್ ಅಳಿಸಿದರೂ ಫಾರ್ಮ್ ಕೇಳುತ್ತದೆ. ‘ಹೌದು’ ಬರೆಯಿರಿ. ವಜಾ ಆದ ಆದೇಶದ ಪ್ರಮಾಣಿತ ನಕಲು ಲಗತ್ತಿಸಿ. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ವಿವರಿಸಿ. ಹಾಗೆ ಬರೆದ ‘ಹೌದು’ ಹೆಚ್ಚಿನ ಸಲ ಒಂದು ಹೆಚ್ಚುವರಿ ಪ್ರಶ್ನೆಯಲ್ಲಿ ಮುಗಿಯುತ್ತದೆ. ಸುಳ್ಳು ‘ಇಲ್ಲ’ ಮುಗಿಯುವುದೇ ಇಲ್ಲ: ಕ್ರಿಮಿನಲ್ ಕೇಸು ಹಾಕಲು ಸರ್ಕಾರಕ್ಕೆ 10 ವರ್ಷದ ಮಿತಿ ಇದೆ, ಪೌರತ್ವ ರದ್ದು ಮಾಡುವ ಸಿವಿಲ್ ಕೇಸಿಗೆ ಮಿತಿಯೇ ಇಲ್ಲ. ಆದರೆ ತೀರಾ ಗಂಭೀರ ಕೇಸು ಇದ್ದವರು ಅರ್ಜಿ ಹಾಕುವ ಮೊದಲೇ ವಕೀಲರನ್ನು ನೋಡಿ. ಅಂಥವರು ಅರ್ಜಿ ಹಾಕದಿರುವುದೇ ಒಳ್ಳೆಯದು ಎಂದೂ ಆಗಬಹುದು.

ಪೌರತ್ವ ಬರುವ ಮೊದಲೇ ಓಟಿಗೆ ಹೆಸರು ಸೇರಿಸಿದ್ದೀರಾ ಎಂಬ ಪ್ರಶ್ನೆ ಇನ್ನೊಂದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಕೌಂಟರಿನಲ್ಲಿ ಕೇಳಿದ್ದಕ್ಕೆಲ್ಲ ತಲೆಯಾಡಿಸಿ, ಗ್ರೀನ್ ಕಾರ್ಡ್ ಇದ್ದಾಗಲೇ ಮತದಾರರ ಪಟ್ಟಿಗೆ ಸೇರಿಬಿಟ್ಟವರಿದ್ದಾರೆ. ಅನುಮಾನ ಇದ್ದರೆ ಕೌಂಟಿ ಚುನಾವಣಾ ಕಚೇರಿಯಲ್ಲಿ ವಿಚಾರಿಸಿ, ಉತ್ತರ ಕೈಗೆ ಬಂದ ಮೇಲೆ ಬರೆಯಿರಿ.

ಎನ್-400 ಸರಿಯಿದ್ದರೆ ಸಾಕು ಎಂದುಕೊಳ್ಳಬೇಡಿ. ಗ್ರೀನ್ ಕಾರ್ಡ್ ಕೊಟ್ಟಿದ್ದೇ ಕಾನೂನಿನ ಪ್ರಕಾರ ತಪ್ಪಾಗಿದ್ದರೆ, ಅದರ ಮೇಲೆ ಬಂದ ಪೌರತ್ವವೂ ಅಲುಗಾಡುತ್ತದೆ. ಮಾಡದ ಕೆಲಸಕ್ಕೆ ಬರೆಸಿಕೊಂಡ ಎಕ್ಸ್‌ಪೀರಿಯನ್ಸ್ ಲೆಟರ್, ಮುಚ್ಚಿಟ್ಟ ಮೊದಲ ಮದುವೆ, ಬರೀ ಕಾಗದದ ಮೇಲಿನ ಮದುವೆ, ಬೇರೆ ಹೆಸರಲ್ಲಿ ಹಾಕಿದ ಹಳೇ ಅರ್ಜಿ, ಇವೆಲ್ಲ ಆ ಗುಂಪಿಗೆ ಸೇರಿದವು. ಹಳೇ ಕಾಗದದ ಬೆರಳಚ್ಚುಗಳನ್ನೂ ಈಗ ಕಂಪ್ಯೂಟರಿಗೆ ಏರಿಸಿ ಹೋಲಿಸಿ ನೋಡುತ್ತಾರೆ.

ಅರ್ಜಿ ಹಾಕಿದ ಮೇಲೆ ತಪ್ಪು ನೆನಪಾದರೆ? ಇಂಟರ್‌ವ್ಯೂ ಶುರುವಾಗುತ್ತಿದ್ದಂತೆ, ಅಧಿಕಾರಿ ಕೇಳುವ ಮೊದಲೇ, ನೀವಾಗಿ ಹೇಳಿ. ಸಿಕ್ಕಿಬಿದ್ದ ಮೇಲೆ ಹೇಳಿದ್ದಕ್ಕೆ ಆ ಬೆಲೆ ಇಲ್ಲ. ತಿದ್ದಿದ್ದನ್ನೆಲ್ಲ ಓದಿಯೇ ಸಹಿ ಹಾಕಿ, ಅದು ಪ್ರಮಾಣದ ಮೇಲೆ ಹಾಕುವ ಸಹಿ. ಆಮೇಲೆ ಪ್ರಮಾಣವಚನದ ದಿನಕ್ಕೆ ಎನ್-445 ಎಂಬ ಪುಟ್ಟ ಫಾರ್ಮ್ ಬರುತ್ತದೆ. ಇಂಟರ್‌ವ್ಯೂ ಆದಮೇಲೆ ಪ್ರಯಾಣ ಮಾಡಿದ್ದೀರಾ, ಮದುವೆ ಅಥವಾ ವಿಚ್ಛೇದನ ಆಯಿತಾ, ಟ್ರಾಫಿಕ್ ಟಿಕೆಟ್ ಬಂತಾ ಎಂದು ಅದು ಕೇಳುತ್ತದೆ. ಹೊಸ ಬಟ್ಟೆ, ಫೋಟೋ ಗಡಿಬಿಡಿಯಲ್ಲಿ ಎಲ್ಲರೂ ‘ಇಲ್ಲ’ ಗೀಚುವ ಫಾರ್ಮ್ ಇದೇ. ಕೂತು ಓದಿ.

ಹಾಗಂತ ಸಣ್ಣ ತಪ್ಪಿಗೆಲ್ಲ ನಿದ್ದೆ ಕೆಡಿಸಿಕೊಳ್ಳುವುದು ಬೇಡ. 2017ರಲ್ಲಿ ಸುಪ್ರೀಂ ಕೋರ್ಟಿಗೆ, ಸುಳ್ಳು ಹೇಳಿ ಪೌರತ್ವ ಪಡೆದ ಆರೋಪದ ಮಾಸ್ಲೆನ್ಯಾಕ್ ಕೇಸು ಬಂದಿತ್ತು. ವಾದದ ವೇಳೆ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ತಾವೇ ಹಿಂದೊಮ್ಮೆ 55 ಮೈಲಿ ಮಿತಿಯ ರಸ್ತೆಯಲ್ಲಿ 60ರಲ್ಲಿ ಓಡಿಸಿದ್ದೆ, ಸಿಕ್ಕಿಬೀಳಲಿಲ್ಲ, ಇದನ್ನೂ ಫಾರ್ಮಿನಲ್ಲಿ ಬರೆಯಬೇಕಾ ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಹೌದು ಎಂಬ ಉತ್ತರ ಕೋರ್ಟಿಗೆ ರುಚಿಸಲಿಲ್ಲ. ಪೌರತ್ವ ಸಿಗುವುದರಲ್ಲಿ ಆ ಸುಳ್ಳಿನ ಪಾತ್ರ ಇರಬೇಕು ಎಂದು ತೀರ್ಪು ಬಂತು. ಅದು ಕ್ರಿಮಿನಲ್ ಕೇಸು. ಸಿವಿಲ್ ಕೇಸಿನಲ್ಲೂ ಮುಚ್ಚಿಟ್ಟ ಸಂಗತಿ ಮುಖ್ಯವಾದದ್ದಾಗಿರಬೇಕು, ಬೇಕೆಂದೇ ಮುಚ್ಚಿಟ್ಟಿರಬೇಕು. ಆದರೆ ಅರ್ಹತೆಯೇ ಇಲ್ಲದೆ ಪೌರತ್ವ ಪಡೆದಿದ್ದರೆ ಉದ್ದೇಶದ ಪ್ರಶ್ನೆ ಬರುವುದಿಲ್ಲ.

ಪೌರತ್ವ ಬಂದು ವರ್ಷಗಳಾದ ಮೇಲೆ ತಪ್ಪು ಹೊಳೆದರೆ ಇಲಾಖೆಗೆ ಸುಮ್ನೆ ಕಾಗದ ಬರೆಯಬೇಡಿ. ಮೊದಲು ವಕೀಲರ ಹತ್ತಿರ ಹೋಗಿ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ತನಿಖೆಯವರು ಬಾಗಿಲಿಗೆ ಬಂದರೂ ಇದೇ ನಿಯಮ: ಸುಳ್ಳೂ ಬೇಡ, ವಿವರಣೆಯೂ ಬೇಡ, ‘ನನ್ನ ವಕೀಲರ ಜೊತೆ ಮಾತಾಡಿ’ ಅಂದರೆ ಸಾಕು.

ಪೌರತ್ವ ರದ್ದು ಮಾಡುವುದು ಫೆಡರಲ್ ಕೋರ್ಟ್ ಮಾತ್ರ. ಇಲಾಖೆಯ ಒಂದು ಪತ್ರದಿಂದ ಅದು ಆಗುವುದಿಲ್ಲ. ನೋಟಿಸ್ ಬಂದರೆ ಉತ್ತರಕ್ಕೆ 60 ದಿನ. ಸಿವಿಲ್ ಕೇಸಿಗೆ ಸರ್ಕಾರ ವಕೀಲರನ್ನು ಕೊಡುವುದಿಲ್ಲ, ಖರ್ಚು ನಿಮ್ಮದೇ. ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇದೆಯಲ್ಲ ಎಂದು ಕೂರಬೇಡಿ. ಅದು ಪೌರತ್ವ ಅಲ್ಲ. ಭಾರತದ ಪೌರತ್ವ 1955ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನೀವು ಇಲ್ಲಿ ಪ್ರಮಾಣ ಮಾಡಿದಾಗಲೇ ಹೋಗಿರುತ್ತದೆ. ಗಂಡ, ಹೆಂಡತಿ ಅಥವಾ ಮಕ್ಕಳಿಗೆ ನಿಮ್ಮ ಮೂಲಕವೇ ಪೌರತ್ವ ಬಂದಿದ್ದರೆ ಅವರ ಸರ್ಟಿಫಿಕೇಟುಗಳನ್ನೂ ಮೊದಲ ದಿನವೇ ವಕೀಲರ ಮುಂದಿಡಿ. ವಂಚನೆ ಸಾಬೀತಾದರೆ ಅವರದ್ದೂ ಹೋಗಬಹುದು.