ಒಣಗದ ಪೈಪಿನ ಸೋರಿಕೆಯನ್ನು ನಿಲ್ಲಿಸುವ ಬಗೆ

ಮೈಸೂರಿನ ಕೃಷ್ಣಮೂರ್ತಿಪುರಂ, ಚಾಮುಂಡಿಪುರಂ ಕಡೆಯ ಹಳೆಯ ಮನೆಗಳಲ್ಲಿ ಜಿ.ಐ. (ಸತುವಿನ ಲೇಪವಿರುವ ಕಬ್ಬಿಣದ) ಪೈಪಿನ ನೀರು ನಿಲ್ಲಿಸುವ ಗೇಟ್ ವಾಲ್ವನ್ನು ಎಷ್ಟು ಬಿಗಿಯಾಗಿ ತಿರುಗಿಸಿದರೂ ನೀರು ಸಣ್ಣಗೆ ಜಿನುಗುತ್ತಲೇ ಇರುವುದುಂಟು. ಇಂಥ ಪೈಪು ಸೋರತೊಡಗಿದರೆ ಒರೆಸಿ ಒರೆಸಿ ಎಂ-ಸೀಲ್ ಮೆತ್ತುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಕಳಚಿಕೊಂಡಿರುತ್ತದೆ. ಒದ್ದೆಯ ಮೇಲೆ ಸಾಮಾನ್ಯ ಅಂಟು ಹಿಡಿಯುವುದಿಲ್ಲವಾದ್ದರಿಂದ, ಒಣಗಿಸುವ ಹಟವನ್ನು ಬಿಟ್ಟು, ಒಳಗಿನ ನೀರಿನ ಬಲವನ್ನು ತಗ್ಗಿಸಿ ಹೊರಗಿನಿಂದ ರಬ್ಬರನ್ನು ಅದುಮಿ ಕಟ್ಟುವುದೇ ಸರಿಯಾದ ಕ್ರಮ.

ಬೀದಿಯ ಕೊಳಾಯಿಯಿಂದ ನೇರವಾಗಿ ಬರುವ ಪೈಪಾದರೆ ನೀರು ಬಿಡುವ ಹೊತ್ತು ಮುಗಿಯುವವರೆಗೆ ಕಾಯಿರಿ. ತಾರಸಿಯ ಟ್ಯಾಂಕಿನದಾದರೆ ವಾಲ್ವ್ ಮುಚ್ಚಿ, ಸೋರುವ ಜಾಗಕ್ಕಿಂತ ಕೆಳಗಿರುವ ನಲ್ಲಿಯೊಂದನ್ನು ಪೂರ್ತಿ ತೆರೆದಿಡಿ. ಜಿನುಗುವ ನೀರು ಆ ದಾರಿ ಹಿಡಿಯುತ್ತದೆ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಕೊಡುತ್ತದೆ, ಆದ್ದರಿಂದ 3 ಮೀಟರ್ ಮೇಲಿನ ಟ್ಯಾಂಕಿನ ಒತ್ತಡವನ್ನು ರಬ್ಬರು ಸುಲಭವಾಗಿ ತಡೆಯಬಲ್ಲದು. ಹತ್ತಿರದಲ್ಲಿ ಮೋಟರ್ ಅಥವಾ ಗೀಸರ್ ಇದ್ದರೆ ಅದರ ವಿದ್ಯುತ್ತನ್ನು ಮೊದಲೇ ತೆಗೆಯಲು ಮರೆಯಬೇಡಿ.

ಪೈಪಿನ ಮೈಮೇಲೆ ಇಳಿದುಬರುವ ನೀರೂ ಕೆಲಸ ಕೆಡಿಸುತ್ತದೆ. ಸೋರುವ ಜಾಗಕ್ಕಿಂತ ಒಂದು ಗೇಣು ಮೇಲೆ ಹತ್ತಿಬಟ್ಟೆಯ ಪಟ್ಟಿಯನ್ನು ಸುತ್ತಿ, ಅದರ ತುದಿಯನ್ನು ಬಕೆಟ್ಟಿನೊಳಕ್ಕೆ ಇಳಿಬಿಟ್ಟರೆ ನೀರು ಬಟ್ಟೆಯನ್ನೇ ಹಿಡಿದು ಇಳಿಯುತ್ತದೆ. ಇನ್ನು ಸುತ್ತಲಿನ ತುಕ್ಕನ್ನೂ ಬೋರ್‌ವೆಲ್ ನೀರಿನ ಬಿಳಿಯ ಗಟ್ಟಿಯನ್ನೂ ಹೆರೆದು ತೆಗೆಯಿರಿ. ಆದರೆ ರಂಧ್ರದ ಬಾಯನ್ನು ಮಾತ್ರ ಕೆರೆಯಬಾರದು, ಸವೆದ ಕಬ್ಬಿಣ ಅಲ್ಲೇ ಕುಸಿದು ಸೂಜಿಮೊನೆಯಷ್ಟಿದ್ದ ತೂತು ಬೆರಳು ಹೋಗುವಷ್ಟಾಗುತ್ತದೆ.

ಸೈಕಲ್ ಅಂಗಡಿಯಲ್ಲಿ ಹಳೆಯ ಟ್ಯೂಬು ಕೇಳಿ ತಂದು, ಎರಡು ಬೆರಳಗಲದ ಪಟ್ಟಿಯಾಗಿ ಉದ್ದಕ್ಕೆ ಕತ್ತರಿಸಿಕೊಳ್ಳಿ. ತೂತಿನಿಂದ ನಾಲ್ಕು ಬೆರಳು ಹಿಂದೆ ಆರಂಭಿಸಿ, ರಬ್ಬರು ತೆಳುವಾಗುವಷ್ಟು ಜಗ್ಗಿ ಹಿಡಿದು, ಪ್ರತಿಯೊಂದು ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ, ತೂತನ್ನು ದಾಟಿ ಅಷ್ಟೇ ದೂರ ಹೋಗಿ, ಮತ್ತೆ ಹಿಂದಕ್ಕೆ ಸುತ್ತುತ್ತ ಬನ್ನಿ. ಕೈ ಸಡಿಲಿಸಿದ ಒಂದೇ ಸುತ್ತಿನ ಅಡಿಯಿಂದ ನೀರು ನುಸುಳಿಬಿಡುತ್ತದೆ, ಹಾಗಾಗಿ ಪಟ್ಟಿಯನ್ನು ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು. ಕೊನೆಗೆ ಸರಿಯಾಗಿ ತೂತಿನ ಮೇಲೆ ಒಂದು ಹೋಸ್ ಕ್ಲಿಪ್ (ಸ್ಕ್ರೂವಿನಿಂದ ಬಿಗಿಯುವ ಲೋಹದ ಬಳೆ) ಹಾಕಿ ಸ್ಕ್ರೂ ಬಿಗಿಯಿರಿ. ಪಿ.ವಿ.ಸಿ. ಪೈಪಾದರೆ ನೀರು ನಿಂತ ಕೂಡಲೇ ಬಿಗಿಯುವುದನ್ನು ನಿಲ್ಲಿಸಬೇಕು, ಹೆಚ್ಚಾದರೆ ಪೈಪೇ ಸೀಳುತ್ತದೆ.

ಎಲ್ಬೋ, ಟೀ ಮುಂತಾದ ಜೋಡಣೆಗಳ ಮೇಲೆ ರಬ್ಬರು ಕೂರುವುದಿಲ್ಲ. ಅಲ್ಲಿ ಒದ್ದೆ ಮೇಲ್ಮೈಗೂ ಆಗುತ್ತದೆಂದು ಪೊಟ್ಟಣದ ಮೇಲೆ ಬರೆದಿರುವ ಎಪಾಕ್ಸಿ ಪುಟ್ಟಿಯನ್ನೇ ಕೊಳ್ಳಿ. ಅದರ ಎರಡು ಬಣ್ಣಗಳು ಒಂದಾಗುವ ತನಕ ನಾದಿ, ಸಂದಿಯೊಳಗಿನ ನೀರು ಹೊರಬರುವಂತೆ ಹೆಬ್ಬೆರಳಿನಿಂದ ಒತ್ತಿ, ಅದು ಗಟ್ಟಿಯಾಗತೊಡಗುವವರೆಗೂ ಒತ್ತಿಯೇ ಹಿಡಿದಿರಿ. ಕೈಗೆ ಗ್ಲೌಸ್ ಇರಲಿ. ಕೆಳಗಿನ ನಲ್ಲಿಯನ್ನು ರಾತ್ರಿಯಿಡೀ ತೆರೆದೇ ಇಟ್ಟು, ಬಕೆಟ್ಟಿನಲ್ಲಿ ತುಂಬಿದ ನೀರನ್ನು ಗಿಡಗಳಿಗೆ ಹಾಕಿ.

ಬಿಸಿನೀರಿನ ಪೈಪಿಗೂ ಗೋಡೆಯೊಳಗಿನ ಪೈಪಿಗೂ ಈ ಉಪಾಯ ಸಲ್ಲದು; ಅವುಗಳಿಗೆ ಪ್ಲಂಬರನ್ನೇ ಕರೆಯಿರಿ. ಉಳಿದ ಕಡೆಯೂ ಇದು ತಾತ್ಕಾಲಿಕವೇ. ಜಿ.ಐ. ಪೈಪು ಒಂದು ಕಡೆ ತೂತಾಯಿತೆಂದರೆ ಒಳಗೆ ಉದ್ದಕ್ಕೂ ತುಕ್ಕು ಹಿಡಿದಿರುವ ಸಂಭವವೇ ಹೆಚ್ಚು, ಆದ್ದರಿಂದ ಟ್ಯಾಂಕ್ ತೊಳೆಯಲೆಂದು ನೀರು ಖಾಲಿ ಮಾಡಿದ ದಿನವೇ ಆ ತುಂಡನ್ನು ವಾಲ್ವಿನ ಸಮೇತ ಬದಲಾಯಿಸಿಬಿಡಿ.