ಮೂರನೇ ನಾಚ್‌ನಲ್ಲಿ ಐದರ ಸದ್ದು

ಆ ಎಸ್‌ಡಿ40-2 ಡೀಸೆಲ್ ಲೋಕೊ (ರೈಲು ಎಳೆಯುವ ಗಾಡಿ) ನಮ್ಮ ಶಾಪ್‌ಗೆ ಬಂದಾಗ, ಇದನ್ನು ಗುಜರಿಗೆ ಹಾಕೋದೇ ವಾಸಿ ಅನ್ನಿಸಿತ್ತು. ಕ್ಯಾಬ್ ನೆಲ ತುಕ್ಕು ಹಿಡಿದು ತೂತಾಗಿತ್ತು. ಎಂಜಿನ್ ಪಕ್ಕ ಕಾಲಿಟ್ಟರೆ ಜಾರುವಷ್ಟು ಎಣ್ಣೆ. ಆದರೆ ಅಮೆರಿಕದ ರೈಲು ಶಾಪ್‌ಗಳಲ್ಲಿ ಈ ಮಾಡೆಲ್ಲನ್ನು ಅಷ್ಟು ಸುಲಭಕ್ಕೆ ಯಾರೂ ಬಿಡುವುದಿಲ್ಲ. ಲೋಕೊ ತಯಾರಿಸುವ ಇಎಂಡಿ ಕಂಪನಿಯವರು 1972ರಲ್ಲಿ ಶುರು ಮಾಡಿದ್ದು, ಸಾವಿರಗಟ್ಟಲೆ ತಯಾರಾಯಿತು. ಬಿಡಿಭಾಗಕ್ಕೆ ಇವತ್ತಿಗೂ ಬರ ಇಲ್ಲ.

ನಾನು ಮೊದಲು ನೋಡೋದು ಎಂಜಿನ್ನನ್ನಲ್ಲ, ಫ್ರೇಮನ್ನು. ಎಂಜಿನ್ ಕೆಟ್ಟರೆ ಎತ್ತಿ ಬೇರೆ ಕೂರಿಸಬಹುದು. ಫ್ರೇಮ್ ಬಾಗಿದ್ದರೆ ಅಲ್ಲಿಗೆ ಮುಗಿಯಿತು. ಕಪ್ಲರ್, ಅಂದರೆ ಬೋಗಿ ಜೋಡಿಸುವ ಕೊಂಡಿ, ಕೂರುವ ಜಾಗದ ಸುತ್ತ ಬಣ್ಣ ಉಜ್ಜಿ ತೆಗೆದು, ವೆಲ್ಡ್‌ಗಳಲ್ಲಿ ಬಿರುಕು ಹುಡುಕಿದೆವು. ಎರಡು ಸಿಕ್ಕವು, ಎರಡೂ ರಿಪೇರಿ ಆಗುವಂಥವೇ. ಸರಿ, ಇದನ್ನು ಉಳಿಸೋಣ ಅಂತ ತೀರ್ಮಾನ ಆಯಿತು. ಇದ್ದ ಎಂಜಿನ್ನನ್ನೇ ಬಿಚ್ಚಿ ಕಟ್ಟುವುದು, ಹಳೆ ರಿಲೇಗಳ ಜಾಗಕ್ಕೆ ಮೈಕ್ರೊಪ್ರೊಸೆಸರ್ ಕಂಟ್ರೋಲ್ ಹಾಕುವುದು.

ಇಲ್ಲಿ ಒಂದು ಕಾನೂನಿನ ವಿಷಯ ಇದೆ. 1973 ಅಥವಾ ಆಮೇಲೆ ಮೊದಲ ಸಲ ತಯಾರಾದ ಲೋಕೊ ಆಗಿದ್ದು, ಅದರ ಪವರ್ ಅಸೆಂಬ್ಲಿಗಳನ್ನೆಲ್ಲ (ಪ್ರತಿ ಸಿಲಿಂಡರಿನ ಪಿಸ್ಟನ್, ಹೆಡ್ ಇತ್ಯಾದಿಯ ಜೋಡಣೆ) ಬದಲಾಯಿಸಿದರೆ, ಅದು ಬರೀ ರಿಪೇರಿ ಅಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಲೆಕ್ಕದಲ್ಲಿ ರೀಮ್ಯಾನುಫ್ಯಾಕ್ಚರ್, ಅಂದರೆ ಮರುತಯಾರಿ. ಹೊಗೆಯ ಮಿತಿ ಅದಕ್ಕೂ ಅನ್ವಯಿಸುತ್ತದೆ. ನಮ್ಮದು ಆ ಗುಂಪಿಗೇ ಸೇರಿತ್ತು. ಹಾಗಾಗಿ ಇಂಜೆಕ್ಟರ್‌ನಿಂದ ಹಿಡಿದು ಎಲ್ಲವೂ ಅನುಮತಿ ಇರುವ ಕಿಟ್‌ನಿಂದಲೇ ಬರಬೇಕಾಯಿತು. ಸುಮ್ನೆ ಕೈಗೆ ಸಿಕ್ಕಿದ್ದನ್ನು ಹಾಕೋ ಹಾಗಿಲ್ಲ.

ಎಂಜಿನ್ ಕೆಲಸ, ನಿಜ ಹೇಳಬೇಕೆಂದರೆ, ಅಷ್ಟೇನೂ ಕಷ್ಟ ಕೊಡಲಿಲ್ಲ. ಇದು 16 ಸಿಲಿಂಡರಿನ 645, ಎರಡು ಸ್ಟ್ರೋಕಿನದು, 3000 ಅಶ್ವಶಕ್ತಿ. ಒಂದೊಂದು ಸಿಲಿಂಡರಿನ ಅಳತೆ 645 ಘನ ಇಂಚು, ಅಂದರೆ ಹತ್ತೂವರೆ ಲೀಟರ್. ಹೆಸರು ಬಂದಿದ್ದೇ ಅದರಿಂದ. ಲೈನರ್, ಹೆಡ್, ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲ ಸೇರಿಸಿ ಒಂದೇ ಗಂಟಾಗಿ ಕ್ರೇನ್‌ನಲ್ಲಿ ಮೇಲೆತ್ತಬಹುದು. ಈ ಗಂಟಿಗೇ ಪವರ್ ಅಸೆಂಬ್ಲಿ ಅನ್ನೋದು. ಇಂಥ ಎಂಜಿನ್ ರೂಪಿಸಿದವನು ಮೆಕ್ಯಾನಿಕ್‌ನ ಬೆನ್ನುನೋವು ಬಲ್ಲವನೇ ಇರಬೇಕು.

ಹೊಸ ಅಸೆಂಬ್ಲಿ ಕೂರಿಸಿದ ಮೇಲೆ ಪಿಸ್ಟನ್ ಮೇಲೆ ಸೀಸದ ತಂತಿ ಇಟ್ಟು ಎಂಜಿನ್ನನ್ನು ಕೈಯಾರೆ ಒಂದು ಸುತ್ತು ತಿರುಗಿಸುತ್ತೇವೆ. ತಂತಿ ಎಷ್ಟು ಚಪ್ಪಟೆ ಆಯಿತು ಅಂತ ಅಳೆದರೆ ಪಿಸ್ಟನ್ನಿಗೂ ಹೆಡ್ಡಿಗೂ ಎಷ್ಟು ಸಂದು ಇದೆ ಅನ್ನೋದು ಗೊತ್ತಾಗುತ್ತದೆ. ಹಳೆ ಪದ್ಧತಿ, ಆದರೆ ಮೋಸ ಮಾಡಲ್ಲ. ಆಮೇಲೆ ನೀರಿನ ಲೈನಿಗೆ ಒತ್ತಡ ಕೊಟ್ಟು, ಸಿಲಿಂಡರ್‌ಗಳ ಸುತ್ತ ಗಾಳಿ ತುಂಬುವ ಏರ್‌ಬಾಕ್ಸ್‌ನ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡೋದು. ಒಂದು ಹನಿ ಕಂಡರೂ ಆ ಸಿಲಿಂಡರ್ ಮತ್ತೆ ಹೊರಗೆ.

ಹೊಸಬರು ತಪ್ಪು ಮಾಡುವುದು ಎಣ್ಣೆಯಲ್ಲಿ. ಈ ಎಂಜಿನ್ನಿನ ಪಿಸ್ಟನ್ ಪಿನ್ ಬೇರಿಂಗ್‌ನಲ್ಲಿ ಬೆಳ್ಳಿ ಇದೆ. ಮಾಮೂಲಿ ಎಂಜಿನ್ ಆಯಿಲ್‌ನಲ್ಲಿ ಸವೆತ ತಡೆಯಲು ಹಾಕುವ ಸತುವಿನ ಅಂಶ ಆ ಬೆಳ್ಳಿಯನ್ನೇ ತಿನ್ನುತ್ತದೆ. ಆದ್ದರಿಂದ ಸತು ಇಲ್ಲದ ಎಣ್ಣೆಯೇ ಬೇಕು. ಯಾರಾದರೂ ಪಕ್ಕದ ಕ್ರೇನಿನ ಡ್ರಮ್‌ನಿಂದ ಎರಡು ಬಕೆಟ್ ಸುರಿದರೆ, ಅಷ್ಟೂ ದಿನದ ಕೆಲಸ ಮಣ್ಣುಪಾಲು.

ಈಗ ವೈರಿಂಗ್. ತಲೆಕೆಟ್ಟಿದ್ದು ಇಲ್ಲೇ. ಹಳೆ ವೈರುಗಳ ಹೊದಿಕೆ ಬಗ್ಗಿಸಿದರೆ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಪೂರ್ತಿ ಕ್ಯಾಬಿನೆಟ್ ಖಾಲಿ ಮಾಡಿ ಹೊಸದಾಗಿ ಎಳೆದೆವು. ಮೂರು ವಾರ ಆಗುತ್ತೆ ಅಂದುಕೊಂಡಿದ್ದು ಏಳು ವಾರ ಹಿಡಿಯಿತು. ಎಂಜಿನ್‌ಗಿಂತ ಜಾಸ್ತಿ.

ಸ್ಟಾರ್ಟ್ ಮಾಡಿದ ದಿನ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಎಲ್ಲರ ಮುಖದಲ್ಲೂ ನಗು. ವೇಗ ಏರಿಸುವ ಥ್ರಾಟಲ್‌ಗೆ ಎಂಟು ಹಂತ, ಅವಕ್ಕೆ ನಾಚ್ ಅನ್ನುತ್ತೇವೆ. ಒಂದು, ಎರಡು ಸರಿ. ಮೂರಕ್ಕೆ ತಳ್ಳಿದೆ, ಎಂಜಿನ್ ಒಮ್ಮೆಲೇ ಗರ್ಜಿಸಿತು. ನಾಲ್ಕರಲ್ಲಿ ಇನ್ನೂ ಜೋರು. ಐದಕ್ಕೆ ಹೋದರೆ ಸದ್ದು ಇಳಿಯಿತು! ಆರು, ಏಳು, ಎಂಟು ಮತ್ತೆ ಸರಿ.

ಎಂಜಿನ್ ವೇಗ ಹಿಡಿದಿಡುವ ಗವರ್ನರ್‌ನಲ್ಲೇ ದೋಷ ಅಂದರು ಕೆಲವರು. ಬಿಚ್ಚಲು ಸ್ಪ್ಯಾನರೂ ಬಂತು. ನಾನು ಹಾಳೆ ಪೆನ್ನು ತೆಗೆದುಕೊಂಡು ಕೂತೆ. ಗವರ್ನರಿನಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಸರಿಯುವ ಕಾಂತದ ಕಡ್ಡಿ) ಇರುತ್ತವೆ. ಎ ಸುಮಾರು 80 ಆರ್‌ಪಿಎಂ ಏರಿಸುತ್ತದೆ, ಸಿ 160, ಬಿ 320. ಡಿ ಮಾತ್ರ 160 ಇಳಿಸುತ್ತದೆ. ಇವನ್ನು ಬೇರೆ ಬೇರೆ ಜೋಡಿಯಲ್ಲಿ ಕೂಡಿಸಿಯೇ ಎಂಟು ನಾಚ್ ಬರುವುದು. ಮೂರನೇ ನಾಚ್‌ನಲ್ಲಿ ಸಿ ಒಂದೇ ಕೆಲಸ ಮಾಡಬೇಕು, ನಾಲ್ಕರಲ್ಲಿ ಎ ಮತ್ತು ಸಿ. ಐದರಿಂದ ಎಂಟರವರೆಗೆ ಬಿ, ಸಿ ಎರಡೂ ಒಟ್ಟಿಗೇ ಇರುತ್ತವೆ. ಹಾಗಾದರೆ ಬಿ ಮತ್ತು ಸಿ ವೈರ್ ಅದಲು ಬದಲಾಗಿದ್ದರೆ ಮೂರು, ನಾಲ್ಕರಲ್ಲಿ ಮಾತ್ರ ತಪ್ಪು ಕಾಣಬೇಕು. ಮೂರರಲ್ಲಿ ಐದರ ವೇಗ, ನಾಲ್ಕರಲ್ಲಿ ಆರರ ವೇಗ. ಕೇಳಿದ್ದೂ ಅದನ್ನೇ ಅಲ್ವಾ!

ಪ್ಲಗ್ ಬಿಚ್ಚಿ ನೋಡಿದೆವು. ಅದೇ. ಆ ಪ್ಲಗ್ಗಿಗೆ ವೈರ್ ಜೋಡಿಸಿದವನು ಯಾರು ಅಂತ ಹುಡುಕುವ ಅಗತ್ಯ ಇರಲಿಲ್ಲ. ಟ್ಯಾಗ್ ಮೇಲಿದ್ದದ್ದು ನನ್ನ ಕೈಬರಹ. ಶುಕ್ರವಾರ ಸಂಜೆ ಬರೆದ ನನ್ನ "ಬಿ", ಗಡಿಬಿಡಿಯಲ್ಲಿ ನನಗೇ "ಸಿ" ಆಗಿ ಕಂಡಿತ್ತು. ಅವತ್ತಿನಿಂದ ಟ್ಯಾಗನ್ನು ಮಷೀನ್‌ನಲ್ಲೇ ಅಚ್ಚು ಹಾಕುತ್ತೇನೆ. ವೈರ್ ಎಳೆದವನು ಒಬ್ಬ, ಅದು ಸರಿಯಾದ ಜಾಗ ಮುಟ್ಟಿದೆಯಾ ಅಂತ ಬೆಲ್ ಹೊಡೆಸಿ ಪರೀಕ್ಷೆ ಮಾಡುವವನು ಇನ್ನೊಬ್ಬ ಆಗಬೇಕು ಅನ್ನೋದನ್ನೂ ಪಟ್ಟುಹಿಡಿದು ಜಾರಿಗೆ ತಂದೆ.

ಕೊನೆಗೆ ಲೋಡ್ ಬಾಕ್ಸ್ ಪರೀಕ್ಷೆ. ಜನರೇಟರಿನ ಕರೆಂಟನ್ನೆಲ್ಲ ದೊಡ್ಡ ರೆಸಿಸ್ಟರ್‌ಗಳಿಗೆ ಕೊಟ್ಟು ಸುಡುವುದು. ಎಂಟನೇ ನಾಚ್‌ನಲ್ಲಿ ನಿಲ್ಲಿಸಿ ವೋಲ್ಟು, ಆಂಪ್ಸ್ ಗುಣಿಸಿ ಲೆಕ್ಕ ಹಾಕಿದೆವು. ನಿಗದಿ ಮಾಡಿದಷ್ಟು ಶಕ್ತಿ ಬಂತು. ನಿಲ್ಲಿಸಿದ ಮೇಲೂ ಒಂದು ಚಿಕ್ಕ ಪಂಪು ಅರ್ಧ ಗಂಟೆ ಟರ್ಬೊ ಬೇರಿಂಗಿಗೆ ಎಣ್ಣೆ ಕೊಡುತ್ತಲೇ ಇರುತ್ತದೆ. ಅದು ಓಡುತ್ತಿದೆಯಾ ಅಂತ ಕಿವಿಗೊಟ್ಟು ಕೇಳದೆ ನಾನು ಮನೆಗೆ ಹೋಗಲ್ಲ.

ಮುಂದಿನ ಲೋಕೊವನ್ನು ರೀಪವರ್ ಮಾಡಿದೆವು, ಅಂದರೆ ಎಂಜಿನ್ನನ್ನೇ ಬದಲಾಯಿಸಿದೆವು. 16 ಸಿಲಿಂಡರಿನ 645 ತೆಗೆದು 12 ಸಿಲಿಂಡರಿನ 710 ಹಾಕಿದೆವು. ಸಿಲಿಂಡರ್ ಅಗಲ ಅದೇ, ಸ್ಟ್ರೋಕ್ ಒಂದು ಇಂಚು ಉದ್ದ. ಶಕ್ತಿ ಅಷ್ಟೇ, ಡೀಸೆಲ್ ಕಡಿಮೆ. ಆದರೆ ಎಂಜಿನ್ ಹಗುರ. ಲೋಕೊಗೆ ತೂಕ ಇದ್ದರೇ ಹಳಿ ಮೇಲೆ ಹಿಡಿತ. ಕಳೆದುಹೋದ ತೂಕಕ್ಕೆ ದಪ್ಪ ಉಕ್ಕಿನ ಹಲಗೆಗಳನ್ನು ಫ್ರೇಮಿಗೆ ಸೇರಿಸಬೇಕಾಯಿತು. ಹೊಸ ಎಂಜಿನ್ ತಂದು, ಅದು ಹಗುರ ಅಂತ ಕಬ್ಬಿಣ ಹೇರುವುದು! ಇಂಜೆಕ್ಷನ್ ಎಲ್ಲ ಎಲೆಕ್ಟ್ರಾನಿಕ್. ಹಳೆ ಗವರ್ನರ್ ಇಲ್ಲ, ಸೊಲೆನಾಯ್ಡ್ ಇಲ್ಲ, ಬಿ-ಸಿ ಗೊಂದಲವೂ ಇಲ್ಲ. ಮೊದಲ ಸಲ ಸ್ಟಾರ್ಟ್ ಆಗದೇ ಇದ್ದಾಗ ಹಾಳೆ ಪೆನ್ನು ತೆಗೆದುಕೊಂಡು ಹೋದೆ. ಅದು ಕೇಳಿದ್ದು ಲ್ಯಾಪ್‌ಟಾಪ್.