ಮೈಕ್ ಪ್ರಿಆಂಪ್ ಕಿಟ್ ಜೋಡಿಸಿದೆ, ಗುಂಯ್ ಸದ್ದನ್ನು ಹುಡುಕಿ ಹಿಡಿದೆ

ಡೈನಮಿಕ್ ಮೈಕಿನ ಹತ್ತಿರ ಬಾಯಿಟ್ಟು ಮಾತಾಡಿದರೂ ಅದರಿಂದ ಹೊರಡುವುದು ಒಂದೆರಡು ಮಿಲಿವೋಲ್ಟ್ ಅಷ್ಟೇ. ರೆಕಾರ್ಡ್ ಮಾಡಬೇಕಾದರೆ ಅದನ್ನು ಪ್ರಿಆಂಪ್ ಅನ್ನುವ ಸರ್ಕಿಟ್ಟಿನಿಂದ ಸುಮಾರು ಸಾವಿರ ಪಟ್ಟು ಹೆಚ್ಚಿಸಬೇಕು, ಅಂದರೆ 60 ಡೆಸಿಬಲ್. ಕೇಬಲ್ಲಿಗೆ ಅಂಟಿಕೊಂಡು ಬಂದ ಕರೆಂಟಿನ ಗುಂಯ್ ಸದ್ದೂ ಜೊತೆಗೇ ಸಾವಿರ ಪಟ್ಟು ಆಗಿಬಿಡುತ್ತದೆ, ಅಲ್ವಾ? ಅದನ್ನು ತಡೆಯುವುದೇ ಪ್ರಿಆಂಪಿನ ನಿಜವಾದ ಕೆಲಸ ಅಂತ ನನಗೆ ಅರ್ಥವಾಗಿದ್ದು ಕಿಟ್ ತಂದು ಕೈಯಾರೆ ಜೋಡಿಸಿದ ಮೇಲೆ.

ಮೈಕ್ ಕೇಬಲ್ಲಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನ 2 ಮತ್ತು 3ನೇ ಪಿನ್ನಿನಲ್ಲಿ ಮೈಕಿನ ಸಿಗ್ನಲ್ ಒಂದಕ್ಕೊಂದು ಉಲ್ಟಾ ಬರುತ್ತದೆ. ಗುಂಯ್ ಸದ್ದು ಮಾತ್ರ ಎರಡರಲ್ಲೂ ಒಂದೇ ಥರ. ಪ್ರಿಆಂಪ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಗುಂಯ್ ಹೋಗುತ್ತದೆ, ದನಿ ಉಳಿಯುತ್ತದೆ. ಆದರೆ ಎರಡೂ ದಾರಿ ಸರಿಸಮ ಇದ್ದರೆ ಮಾತ್ರ.

ಅದಕ್ಕೇ 48 ವೋಲ್ಟಿನ ಫ್ಯಾಂಟಮ್ ಪವರನ್ನು (ಕೆಲವು ಮೈಕಿಗೆ ಅದೇ ಕೇಬಲ್ಲಿನಲ್ಲಿ ಹೋಗುವ ಕರೆಂಟು) 2 ಮತ್ತು 3ನೇ ಪಿನ್ನಿಗೆ ಒಂದೊಂದರಂತೆ ಕೊಡುವ ಎರಡು 6.81 ಕಿಲೋಓಮ್ ರೆಸಿಸ್ಟರುಗಳ ಮೇಲೆ ನಾನು ಒಂದು ಸಂಜೆಯನ್ನೇ ಕಳೆದೆ. ಅವೆರಡರ ನಡುವೆ ಶೇಕಡಾ 0.4ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಿಟ್‌ನಲ್ಲಿದ್ದವು ಶೇಕಡಾ 1ರಷ್ಟು ಹೆಚ್ಚುಕಡಿಮೆ ಇರಬಹುದಾದವು. ಅದೇ 6.81 ಕಿಲೋಓಮಿನವು ಇನ್ನೂ 20 ತಂದು ಒಂದೊಂದಾಗಿ ಅಳೆದೆ. ಮೊದಲು ಎರಡು ತುದಿಯನ್ನೂ ಬೆರಳಲ್ಲಿ ಒತ್ತಿ ಹಿಡಿದು ಅಳೆಯುತ್ತಿದ್ದೆ. ಒಂದೇ ರೆಸಿಸ್ಟರು ಒಮ್ಮೆ 6.82, ಮತ್ತೊಮ್ಮೆ 6.77 ತೋರಿಸಿತು. ಮೀಟರು ಸರಿಯಾಗೇ ಇತ್ತು, ನನ್ನ ಮೈಯೂ ರೆಸಿಸ್ಟರಿನ ಜೊತೆ ಅಡ್ಡ ಸೇರಿಕೊಂಡಿತ್ತು. ಮೊಸಳೆ ಕ್ಲಿಪ್ಪಿಗೆ ಸಿಕ್ಕಿಸಿ, ಕೈ ಬಿಟ್ಟು ಅಳೆದಾಗ ಅಂಕಿ ನಿಂತಿತು. ಎರಡಕ್ಕೂ 6.82 ಬಂದ ಜೋಡಿಯನ್ನು ಆರಿಸಿಕೊಂಡೆ.

ಬೆಸುಗೆ ಹಾಕುವುದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಗಿಡ್ಡ ಬಿಡಿಭಾಗ ಮೊದಲು, ಎತ್ತರದ್ದು ಆಮೇಲೆ. ಇನ್‌ಪುಟ್ಟಿನಲ್ಲಿ ಫ್ಯಾಂಟಮ್ ತಡೆಯುವ ಕೆಪಾಸಿಟರುಗಳನ್ನು ಮಾತ್ರ ಎರಡು ಸಲ ನೋಡಿ. ಅವು 63 ವೋಲ್ಟಿನವೇ ಆಗಿರಬೇಕು, ಪ್ಲಸ್ ಕಾಲು ಮೈಕಿನ ಕಡೆಗಿರಬೇಕು. ಐಸಿಯನ್ನು (ಸಿಗ್ನಲ್ ಹೆಚ್ಚಿಸುವ ಚಿಪ್ಪು) ಸಾಕೆಟ್ಟಿಗೆ ಕೂರಿಸುವ ಮೊದಲು ಪವರ್ ಕೊಟ್ಟು ಪ್ಲಸ್ 15, ಮೈನಸ್ 15, 48 ವೋಲ್ಟ್ ಮೂರನ್ನೂ ಅಳೆದೆ. ಸರಿಯಿತ್ತು.

ಡಬ್ಬಿಗೆ ಹಾಕಿ ಮೈಕ್ ಚುಚ್ಚಿದೆ. ದನಿ ಚೆನ್ನಾಗಿ ಬಂತು, ಅದರ ಕೆಳಗೇ ಗುಂಯ್ ಅಂತ ಒಂದೇ ಸಮನೆ ಸದ್ದು. ನಿಜಕ್ಕೂ ಬೇಜಾರಾಯಿತು.

ಮೈಕ್ ತೆಗೆದೆ. ಒಂದು ಖಾಲಿ ಕನೆಕ್ಟರಿನಲ್ಲಿ 2 ಮತ್ತು 3ನೇ ಪಿನ್ನಿನ ನಡುವೆ 150 ಓಮ್ ರೆಸಿಸ್ಟರು ಬೆಸೆದು ಮೈಕಿನ ಜಾಗಕ್ಕೆ ಸಿಕ್ಕಿಸಿದೆ. ಆಗಲೂ ಗುಂಯ್ ಇತ್ತು. ಅಲ್ಲಿಗೆ ಮೈಕಿನ ಮೇಲೂ ಕೇಬಲ್ಲಿನ ಮೇಲೂ ಇದ್ದ ಅನುಮಾನ ದೂರವಾಯಿತು. ಸುಮ್ನೆ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟೆ, ಸದ್ದು ಬದಲಾಯಿತು. ಸಂಪರ್ಕ ಇದ್ದರೆ ಕೂಗುವ ಮಲ್ಟಿಮೀಟರಿನ ಬೀಪ್ ಇಟ್ಟು ಮುಚ್ಚಳಕ್ಕೂ ಗ್ರೌಂಡಿನದಾದ 1ನೇ ಪಿನ್ನಿಗೂ ಮುಟ್ಟಿಸಿದೆ. ಬೀಪ್ ಬರಲಿಲ್ಲ! ಅರ್ತ್ ವೈರಿನ ಸ್ಕ್ರೂ ಬಿಗಿಯಾಗೇ ಇತ್ತು. ಆದರೆ ಅದು ಕೂತಿದ್ದು ಪೇಂಟಿನ ಮೇಲೆ, ಲೋಹಕ್ಕೆ ತಾಗಿಯೇ ಇರಲಿಲ್ಲ.

ಸ್ಕ್ರೂ ಕೂರುವ ಜಾಗದಲ್ಲೂ ಮುಚ್ಚಳದ ಅಂಚಿನಲ್ಲೂ ಲೋಹ ಹೊಳೆಯುವ ತನಕ ಉಪ್ಪುಕಾಗದದಿಂದ ಉಜ್ಜಿದೆ, ಹಲ್ಲಿರುವ ವಾಷರ್ ಹಾಕಿದೆ. ಗುಂಯ್ ಬಹುಪಾಲು ಇಳಿಯಿತು. ಉಳಿದಿದ್ದಕ್ಕೆ ಕಾರಣ 1ನೇ ಪಿನ್ನಿನ ವೈರು. ಅದು ಬೋರ್ಡಿನ ಗ್ರೌಂಡಿಗೆ ಹೋಗಿ, ಅಲ್ಲಿಂದ ಸುತ್ತಿ ಡಬ್ಬಿಗೆ ಬರುತ್ತಿತ್ತು. ಕೇಬಲ್ಲಿನ ಶೀಲ್ಡ್ (ಒಳಗಿನ ತಂತಿಗಳನ್ನು ಸುತ್ತಿರುವ ಲೋಹದ ಹೊದಿಕೆ) ಹೊತ್ತು ತಂದ ಕಸವೆಲ್ಲ ಬೋರ್ಡಿನೊಳಗೇ ಹರಿಯುತ್ತಿತ್ತು ಅಂತಾಯಿತು. ಕನೆಕ್ಟರಿನ ಪಕ್ಕದಲ್ಲೇ ಗಿಡ್ಡ, ದಪ್ಪ ವೈರಿನಲ್ಲಿ ಅದನ್ನು ನೇರ ಡಬ್ಬಿಗೆ ಸೇರಿಸಿದೆ.

ಈಗ 60 ಡೆಸಿಬಲ್ಲಿಗೆ ಏರಿಸಿದರೂ ಕೇಳುವುದು ಸಣ್ಣಗೆ ಸುಂಯ್ ಅನ್ನುವ ಸದ್ದು ಮಾತ್ರ. ಅದು ಇದ್ದೇ ಇರುತ್ತದೆ. 150 ಓಮಿನ ರೆಸಿಸ್ಟರು ಸುಮ್ಮನೆ ಇದ್ದರೂ ಅದರ ಬಿಸಿಯಿಂದಲೇ ಸುಮಾರು 0.2 ಮೈಕ್ರೋವೋಲ್ಟ್ ಸದ್ದು ಹುಟ್ಟುತ್ತದೆ. ಎರಡನೇ ಚಾನೆಲ್ಲಿನ ಬೋರ್ಡ್ ಮೇಜಿನ ಮೇಲಿದೆ. ಅದರ 6.81 ಕಿಲೋಓಮ್ ಜೋಡಿಯನ್ನು ಅಳೆದು, ಟೇಪ್ ಸುತ್ತಿ ಎತ್ತಿಟ್ಟಿದ್ದೇನೆ.